ಚಾಪೆ ಎತ್ತಿದ ಮೇಲೆ

ವಾಯಿತುಲೆ, ಸವಾಯೀ ದ್ವೀಪ
14 ಅಕ್ಟೋಬರ್ 2018

ಪ್ರೀತಿಯ ಲಾಂಗಿ,

ಫೋನು ಮಾಡಲಿಲ್ಲವೆಂದು ಬೇಸರಪಡಬೇಡ. ನಮ್ಮ ಮನೆಗೆ ಗೋಡೆಗಳಿಲ್ಲ ಎಂಬುದು ಬ್ರಿಸ್ಬೇನಿನ ಗೋಡೆಗಳ ನಡುವೆ ನಿನಗೆ ಮರೆತುಹೋಗಿರಬಹುದು. ಕಂಬದಿಂದ ಕಂಬಕ್ಕೆ ಗಾಳಿ ಹೋದಷ್ಟೇ ಸಲೀಸಾಗಿ ಇಲ್ಲಿ ಮಾತೂ ಹೋಗುತ್ತದೆ. ನಾನು ಫೋನಿನಲ್ಲಿ ಅತ್ತರೆ ಆಚೆ ಮನೆಯವರು ಮೂಗು ಒರೆಸಿಕೊಳ್ಳುತ್ತಾರೆ. ಹಾಗಾಗಿ ಶಾಲೆ ಬಿಟ್ಟ ಮೇಲೆ, ಮಕ್ಕಳ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಫೇತುವಿನ ಬಲಗೈ ಹೋಯಿತು. ಮಣಿಕಟ್ಟಿಗಿಂತ ಮೇಲಕ್ಕೆ.

ನಿಮ್ಮ ಕಂಪನಿಯ ಕಾರ್ಖಾನೆಯಲ್ಲಿ, ತೆಂಗಿನ ತಿರುಳು ಪುಡಿ ಮಾಡುವ ಯಂತ್ರದಲ್ಲಿ. ಆ ಯಂತ್ರದ ಬಾಯಿಗೆ ಒಂದು ಮುಚ್ಚಳವಿದೆಯಂತೆ. ಮುಚ್ಚಳ ಹಾಕಿದ್ದರೆ ಪ್ರತಿ ಸಲ ತಿರುಳು ತುಂಬುವಾಗಲೂ ಯಂತ್ರ ನಿಲ್ಲುತ್ತದೆ. ಕ್ರಿಸ್ಮಸ್ಸಿನ ಸರಕು ಬೇಗ ಹಡಗು ಹತ್ತಬೇಕೆಂದು ಮುಚ್ಚಳವನ್ನೇ ಬಿಚ್ಚಿಸಿಬಿಟ್ಟಿದ್ದರು. ಇಷ್ಟೇ ಕಥೆ. ಇದನ್ನು ಬರೆಯುವುದಕ್ಕೆ ನನಗೆ ಎಷ್ಟು ಹೊತ್ತು ಹಿಡಿಯಿತೆಂದು ಹೇಳಲಾರೆ.

ಅವಳನ್ನು ಆಸ್ಪತ್ರೆಯಿಂದ ಕರೆತಂದೆವು. ನೀನು ಅವಳನ್ನು ಬಲ್ಲೆ. ದೋಣಿ ಇಳಿಯುತ್ತಲೇ, ಅಳುತ್ತಾ ನಿಂತಿದ್ದ ತಾಸಿ ದೊಡ್ಡಮ್ಮನಿಗೆ, "ಅಳ್ಬೇಡ ದೊಡ್ಡಮ್ಮ, ಇನ್ಮೇಲೆ ಇಸ್ಪೀಟಲ್ಲಿ ನೀನೇ ಗೆಲ್ಲೋದು. ಎಲೆ ಬಚ್ಚಿಡೋಕೆ ನಂಗೆ ಇನ್ನೊಂದು ಕೈಯಿಲ್ವಲ್ಲ" ಎಂದಳು. ದೊಡ್ಡಮ್ಮ ನಗಬೇಕೋ ಅಳಬೇಕೋ ತಿಳಿಯದೆ ಅವಳ ಬೆನ್ನಿಗೊಂದು ಹೊಡೆದಳು.

ಆದರೆ ಹೆಂಗಸರು ಚಾಪೆ ಹೆಣೆಯುವ ಮನೆಯತ್ತ ಅವಳು ಇನ್ನೂ ಹೋಗಿಲ್ಲ. ಸುತ್ತು ಹಾಕಿಕೊಂಡು ಸಮುದ್ರದ ದಾರಿಯಲ್ಲಿ ಬರುತ್ತಾಳೆ.

ಅವಳು ಕೇಳುತ್ತಿರುವುದು ಒಂದೇ. ಕಾರ್ಖಾನೆಯ ಬಾಗಿಲಲ್ಲಿ ನೀನು ನಮ್ಮ ಭಾಷೆಯಲ್ಲಿ ಬರೆಸಿ ಹಾಕಿದ ಫಲಕವಿದೆಯಲ್ಲ: 'ನಮ್ಮಿಂದ ನೋವಾದವರು ನಮ್ಮೆದುರು ಕೂತು ಮಾತಾಡಬಹುದು. ಅವರ ಮಾತು ಮುಗಿಯುವ ತನಕ ನಾವು ಏಳುವುದಿಲ್ಲ.' ಅವಳಿಗೆ ಅದು ಬೇಕು. ಕಂಪನಿಯ ದೊಡ್ಡವರೆದುರು ಕೂತು, ಮುಚ್ಚಳ ಯಾರು ಬಿಚ್ಚಿಸಿದರು, ಯಾಕೆ, ಇನ್ನು ಬಿಚ್ಚುವುದಿಲ್ಲವೆಂದು ಮಾತು ಕೊಡುತ್ತೀರಾ ಎಂದು ಕೇಳಬೇಕು. "ಅದೆಲ್ಲ ಬರೀ ಫಲಕ ಕಣೇ" ಎಂದೆ. "ಲಾಂಗಿ ಬರೆದದ್ದು ಅಂದ್ಮೇಲೆ ನಿಜಾನೇ" ಎಂದಳು.

ನಾವು ಮೂವರೂ ಒಂದೇ ಸೊಳ್ಳೆಪರದೆಯೊಳಗೆ ಬೆಳೆದವರು. ನೀನು ಚಿಕ್ಕಮ್ಮನ ಮಗಳು, ಫೇತುವಿನ ಹಾಗೆ ನನ್ನ ಒಡಹುಟ್ಟಲ್ಲ ಎಂಬುದು ನನಗೆ ತಿಳಿದದ್ದೇ ಶಾಲೆಗೆ ಹೆಸರು ಬರೆಸುವಾಗ. ನಿನಗೆ ಇನ್ನೇನು ಹೇಳಲಿ?

ನಿನ್ನ ಅಕ್ಕ,
ಪಲೆಪಾ


ಬ್ರಿಸ್ಬೇನ್
2 ನವೆಂಬರ್ 2018

ಅಕ್ಕಾ,

ನಿನ್ನ ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಅಪಘಾತದ ಸುದ್ದಿ ನನ್ನ ಮೇಜಿಗೆ ಮೊದಲೇ ಬಂದಿತ್ತು, ಆದರೆ ಹೆಸರಿಲ್ಲದೆ ಬಂದಿತ್ತು. 'ಮಹಿಳಾ ಕಾರ್ಮಿಕೆ, ಸವಾಯೀ.' ಅದನ್ನು ಓದಿ, ಕೇಳಬೇಕಾದ ಪ್ರಶ್ನೆಗಳನ್ನು ಕೇಳಿ, ಊಟಕ್ಕೆ ಹೋಗಿದ್ದೆ.

ವಿಚಾರಣೆ ನಡೆಯುತ್ತದೆ. ಫೆಬ್ರವರಿಯಲ್ಲಿ, ರಾಜಧಾನಿ ಅಪಿಯಾದಲ್ಲಿ. ಮೂವರು ನಿರ್ದೇಶಕರು ಬರುತ್ತಾರೆ. ಫೇತು ಎಷ್ಟು ಹೊತ್ತು ಮಾತಾಡುತ್ತಾಳೋ ಅಷ್ಟು ಹೊತ್ತು ಕೂತಿರುತ್ತಾರೆ. ಇದನ್ನು ಮಾಡಿಸುವುದೇ ನನ್ನ ಕೆಲಸ ಅಕ್ಕಾ. ಇಲ್ಲಿ ನನ್ನ ಬಾಗಿಲ ಮೇಲೆ 'ಮಾನವ ಹಕ್ಕುಗಳು' ಎಂದು ಬರೆದಿದ್ದಾರೆ. ದೇಶದಿಂದ ದೇಶಕ್ಕೆ ಹೋಗಿ ಕಾರ್ಖಾನೆಯ ಹುಡುಗಿಯರನ್ನು ಮೇಲ್ವಿಚಾರಕರಿಲ್ಲದ ಕೋಣೆಯಲ್ಲಿ ಕೂರಿಸಿ, ನೀರು ಕೊಡುತ್ತಾರಾ, ಬಸುರಾದರೆ ಕೆಲಸದಿಂದ ತೆಗೆಯುತ್ತಾರಾ, ಬೈಯುತ್ತಾರಾ ಎಂದು ಕೇಳುತ್ತೇನೆ. ಕೆಲವು ಕಡೆ ನಿಜಕ್ಕೂ ಬದಲಾಗಿದೆ. ಅದನ್ನು ನೀನು ನಂಬಬೇಕು.

ಇನ್ನೊಂದು ವಿಷಯ. ಸಭೆಯಲ್ಲಿ, "ಆ ಮನೆಯವರಿಗೆ ಏನು ಮಾಡಿದರೆ ಸಮಾಧಾನವಾದೀತು?" ಎಂದು ಕೇಳಿದರು. ನಾನು ನಮ್ಮ ಇಫೊಂಗಾದ ಬಗ್ಗೆ ಹೇಳಿದೆ. ತಪ್ಪು ಮಾಡಿದ ಕಡೆಯ ಹಿರಿಯ ಬೆಳಗಾಗುವ ಮುಂಚೆ ಬಂದು, ತಲೆಯ ಮೇಲೆ ನಯಚಾಪೆ ಹೊದ್ದು, ನೊಂದವರ ಅಂಗಳದಲ್ಲಿ ಬಾಯಿ ಬಿಡದೆ ಕೂರುವುದು. ಮನೆಯವರು ಚಾಪೆ ಎತ್ತಿದರೆ ಕ್ಷಮೆ, ಎತ್ತದಿದ್ದರೆ ಬಿಸಿಲು. ಯಾವಾಗಲೂ ಗಡಿಯಾರ ನೋಡುವ ಜನ ಆವತ್ತು ಪೆನ್ನು ಕೆಳಗಿಟ್ಟು ಕೇಳಿದರು. ನಮ್ಮಲ್ಲಿ ಇಂಥದೊಂದು ಇದೆಯೆಂದು ನನಗೆ ಹೆಮ್ಮೆಯೆನಿಸಿತು. ಸವಾಯೀ ಕಾರ್ಖಾನೆಯ ದೊಡ್ಡ ಸಾಹೇಬ ಗ್ರಾಂಟ್, "ನಾನು ಕೂರುತ್ತೇನೆ" ಎಂದು ತಾನಾಗಿಯೇ ಹೇಳಿದ.

ಅವಳಿಗೆ ಹೇಳು, ನಾನಿದ್ದೇನೆ.

ನಿನ್ನವಳೇ,
ಲಾಂಗಿ


ವಾಯಿತುಲೆ
20 ಜನವರಿ 2019

ಲಾಂಗಿ,

ನಿನಗೆ ಗೊತ್ತಿರುವ ಬೆಳಗನ್ನೇ ಬರೆಯುತ್ತಿದ್ದೇನೆ. ಚಾಪೆಯ ಒಳಗಿಂದ ನಿನಗೆ ಕಾಣದೇ ಹೋದದ್ದನ್ನು ಮಾತ್ರ.

ನಾಯಿ ಬೊಗಳಿ ಎದ್ದೆವು. ದೀವಿಹಲಸಿನ ಆ ದೊಡ್ಡ ಮರದ ಕೆಳಗೆ ಕಂಪನಿಯ ಬಿಳಿ ಕಾರು, ಗಾಜು ಏರಿಸಿಕೊಂಡು ನಿಂತಿತ್ತು. ಅಂಗಳದ ಕಲ್ಲುಹರಳಿನ ಮೇಲೆ ಚಾಪೆ ಹೊದ್ದು ಒಬ್ಬರು. ಹಿಂದೆ ಕಚೇರಿಯ ಇಬ್ಬರು ಗುಮಾಸ್ತರು ತಲೆ ಬಗ್ಗಿಸಿ ಕೂತಿದ್ದರು. ಚಾಪೆಯ ಕೆಳಗೆ ಯಾರೆಂದು ನಮ್ಮಲ್ಲಿ ಕೇಳುವುದುಂಟೇ? ಆ ಕಡೆಯ ಅತಿ ದೊಡ್ಡ ತಲೆಯೇ ಅಲ್ಲಿರಬೇಕು. ಕೇಳುವುದು ಅವಮಾನ. ಕೇಳಬೇಕಾದೀತೆಂದು ನಮ್ಮ ಹಿರಿಯರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಚಾಪೆಯನ್ನು ಮೊದಲು ಗುರುತು ಹಿಡಿದವಳು ತಾಸಿ ದೊಡ್ಡಮ್ಮ. "ಆ ಅಂಚು ನೋಡ್ರೇ! ಕೆಂಪು ಗರಿ ಹಚ್ಚಿದೋಳು ನಾನೇ. ಲಾಂಗಿ ಬ್ರಿಸ್ಬೇನಿಗೆ ಹೊರಟಾಗ ಕೊಟ್ಟಿದ್ದು."

"ಹಾಗಾದ್ರೆ ಸಾಹೇಬನಿಗೆ ಚಾಪೆ ಹೊಂದಿಸಿಕೊಟ್ಟಿದ್ದಾಳೆ ನಮ್ಮ ಹುಡುಗಿ" ಎಂದೆ ನಾನು. ಎಷ್ಟು ಸಂತೋಷದಿಂದ ಎಂದೆ!

"ಕೂರೋದನ್ನೂ ಕಲಿಸಿದ್ದಾಳೆ. ಬಿಳಿ ಜನಕ್ಕೆ ಮಂಡಿ ಮಡಚೋಕೆ ಎಲ್ಲಿ ಬರುತ್ತೆ?"

"ಎಷ್ಟು ಗಿಡ್ಡ ಕಣೇ ಈ ಸಾಹೇಬ! ಫೋಟೋದಲ್ಲಿ ತೆಂಗಿನ ಮರ ಇದ್ದ ಹಾಗಿದ್ದ."

"ತಪ್ಪು ಮಾಡಿದೋನು ಕುಗ್ಗೋದು ಹೀಗೇ" ಎಂದು ಯಾರೋ ಅಂದರು. ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು.

ಬಿಸಿಲೇರಿತು. ಲೆಯಾಸೊ ಮಾವ ಮನೆಯ ಹಿರಿಯನಾಗಿ, "ಮಧ್ಯಾಹ್ನದ ತನಕ ಕೂತಿರ್ಲಿ. ನಮ್ಮ ಹುಡುಗಿ ಕೈ ಸುಮ್ನೆ ಬರುತ್ತಾ?" ಎಂದ. ಫೇತು ಒಪ್ಪಲಿಲ್ಲ. "ಸಾಕು ಮಾವ, ಅವ್ರ ಚರ್ಮ ಸುಲಿದು ಹೋಗುತ್ತೆ. ಆಮೇಲೆ ನನ್ನ ಮಾತು ಕೇಳೋಕೆ ಅವರಿಗೆ ಪ್ರಾಣ ಬೇಡ್ವಾ?"

ಅವಳ ಲೆಕ್ಕ ನಿನಗೆ ಅರ್ಥವಾಗಬೇಕು. ಚಾಪೆ ಎತ್ತಿದ ಮೇಲೆ ಬಂದವರನ್ನು ಒಳಗೆ ಕರೆದು ಕೂರಿಸಿ ಆಡುವ ಮಾತೇ ಕೊನೆಯ ಮಾತು. ಅವರು ಎದ್ದು ಹೋದ ನಂತರ ಆ ವಿಷಯವನ್ನು ನಾವು ಯಾರೂ, ಎಂದೂ, ಎತ್ತುವಂತಿಲ್ಲ. ಸಾಹೇಬನೇ ನೆಲಕ್ಕೆ ಬಂದ ಮೇಲೆ ಅಪಿಯಾದ ಕುರ್ಚಿಗಳು ಯಾಕೆಂದು ಅವಳಿಗನ್ನಿಸಿತು. ಒಳಗೆ ಅವನಿಗಾಗಿ ಚಾಪೆ ಹಾಸಿದ್ದಳು. ಕೋಕೋ ಕಾಯಿಸಿದ್ದಳು. ಮುಚ್ಚಳದ ಮಾತನ್ನು ಎಲ್ಲಿಂದ ಶುರು ಮಾಡಬೇಕೆಂದು ವಾರಗಟ್ಟಲೆ ನನ್ನೆದುರು ಒಪ್ಪಿಸಿದ್ದಳು, ಪದ್ಯ ಒಪ್ಪಿಸುವ ಮಗುವಿನ ಹಾಗೆ.

ಅವಳೇ ಅಂಗಳಕ್ಕಿಳಿದಳು. ಆಡಬೇಕಾದ ಮಾತು ಆಡಿದಳು: "ದೇವರೆದುರು, ಊರೆದುರು, ಇದು ಇಲ್ಲಿಗೆ ಮುಗೀತು." ಎಡಗೈಯಿಂದ ಚಾಪೆ ಎತ್ತಿದಳು.

ನೀನು.

ಅವಳ ಕೈಯಲ್ಲಿ ಚಾಪೆ ಹಾಗೇ ನಿಂತಿತು. ಹಿಂದೆ ಕೂತಿದ್ದ ಗುಮಾಸ್ತ ಫೋನು ತೆಗೆದು ಫೋಟೋ ಹೊಡೆದ. ನೀನು ಕಣ್ಣೆತ್ತಲಿಲ್ಲ. "ಒಳಗೆ ಬಾ" ಎಂದಳು ಫೇತು, ನಿನಗೆ ಕೇಳಿಸಿತೋ ಇಲ್ಲವೋ. ನೀನೆದ್ದು ಕಾರಿನೊಳಗೆ ಹೋದೆ. ಕೋಕೋ ಆರಿತು. ಆಡಬೇಕಾದ ಮಾತು ಆಡದೆಯೇ ವಿಷಯ ಮುಗಿದುಹೋಯಿತು.

ಯಾಕೆ ಲಾಂಗಿ?

ಪಲೆಪಾ


ಬ್ರಿಸ್ಬೇನ್
8 ಫೆಬ್ರವರಿ 2019

ಅಕ್ಕಾ,

ಗ್ರಾಂಟ್ ನನ್ನ ಜೊತೆಗೇ ದೋಣಿಯಲ್ಲಿ ಬಂದಿದ್ದ. ಮಂಡಿ ಮಡಚುವುದನ್ನು ವಸತಿಗೃಹದ ನೆಲದ ಮೇಲೆ ನಾನೇ ಅವನಿಗೆ ಹೇಳಿಕೊಟ್ಟೆ. ಇನ್ನೇನು ಹೊರಡಬೇಕು, ಬ್ರಿಸ್ಬೇನಿನಿಂದ ಕಂಪನಿಯ ವಕೀಲರ ಫೋನು ಬಂತು. ಅವನು ಹಾಗೆ ಕೂತರೆ ಕಂಪನಿ ತಪ್ಪೊಪ್ಪಿಕೊಂಡ ಹಾಗಾಗುತ್ತದೆ, ಕೂಡದು ಎಂದರು. ಊರಿಗೆ ಹೇಳಿ ಕಳಿಸಿಯಾಗಿತ್ತು. ಪಾದ್ರಿಗಳಿಗೆ ಗೊತ್ತಾಗಿತ್ತು. ನಾನು ಜಗಳವಾಡಿದೆ. ಆಗ ಗ್ರಾಂಟ್ ಬಹಳ ಮೆಲ್ಲಗೆ, ಕೆಟ್ಟತನವೇ ಇಲ್ಲದ ದನಿಯಲ್ಲಿ ಕೇಳಿದ: "ಲಾಂಗಿ, ಕಂಪನಿ ಅಂದ್ರೆ ನೀನೂ ತಾನೆ?"

ಯಾರೂ ಬರದ ಅಂಗಳದಲ್ಲಿ ಫೇತು ಕಾಯುವುದಕ್ಕಿಂತ ಯಾರಾದರೂ ಕೂತಿರುವುದು ಮೇಲೆಂದುಕೊಂಡೆ. ನನ್ನ ಚಾಪೆ ಪೆಟ್ಟಿಗೆಯಲ್ಲಿತ್ತು.

ಒಳಗೆ ಬಿಸಿ, ಒಣ ಎಲೆಯ ವಾಸನೆ. ನಿಮ್ಮೆಲ್ಲರ ಮಾತು ಕೇಳುತ್ತಿತ್ತು. ಗಿಡ್ಡ ಸಾಹೇಬ ಎಂದಾಗ ನನಗೂ ನಗು ಬಂತು. ಆ ನಗುವೇ ಈಗ ಎಲ್ಲಕ್ಕಿಂತ ಹೆಚ್ಚು ಸುಡುತ್ತಿದೆ. ಒಳಗೆ ಬಂದು ಕೂರಬೇಕಿತ್ತು, ಗೊತ್ತು. ಫೇತು ಹೇಳುವುದನ್ನೆಲ್ಲ ಕೇಳಿ ಉತ್ತರ ಕೊಡಲು ನನಗೆ ಅಧಿಕಾರವಿರಲಿಲ್ಲ. ಏನು ಮುಖ ಹೊತ್ತು ಕೂರಲಿ?

ಇನ್ನೊಂದನ್ನು ನಾನೇ ಹೇಳಿಬಿಡಬೇಕು. ಫೆಬ್ರವರಿಯ ವಿಚಾರಣೆ ಇಲ್ಲ. ನಿಮ್ಮ ಪದ್ಧತಿಯಂತೆಯೇ ಮುಗಿದಿದೆಯಲ್ಲ ಎನ್ನುತ್ತಾರೆ. ಕಾರ್ಮಿಕ ಇಲಾಖೆಗೂ ಹಾಗೆಂದೇ ಬರೆದಿದ್ದಾರೆ. ನಾನು ಹೋರಾಡುತ್ತಿದ್ದೇನೆ. ಸ್ವಲ್ಪ ಸಮಯ ಕೊಡು.

ಲಾಂಗಿ


ವಾಯಿತುಲೆ
5 ಏಪ್ರಿಲ್ 2019

ಲಾಂಗಿ,

ಪಾದ್ರಿಯ ಮಗಳು ಆಕ್ಲೆಂಡಿನಿಂದ ತನ್ನ ಫೋನಿನಲ್ಲಿ ನಿಮ್ಮ ಕಂಪನಿಯ ವರ್ಷದ ವರದಿ ಕಳಿಸಿದಳು. 'ನಮ್ಮ ವ್ಯವಹಾರದ ಉದ್ದಗಲಕ್ಕೂ ಮಾನವ ಹಕ್ಕುಗಳನ್ನು ನಾವು ಎತ್ತಿ ಹಿಡಿಯುವ ಬಗೆ.' ಒಳಗೆ ಇಡೀ ಪುಟದ ಚಿತ್ರ. ಫೇತುವಿನ ಎಡಗೈ, ಎತ್ತಿದ ಚಾಪೆ, ಬಗ್ಗಿದ ನಿನ್ನ ಕತ್ತು. ಮುಖ ಕಾಣುವುದಿಲ್ಲ. ಬಲಗೈ ಇರಬೇಕಾದ ಕಡೆ ಚಿತ್ರ ಮುಗಿಯುತ್ತದೆ. ಕೆಳಗೆ, 'ಸಮುದಾಯದ ಪದ್ಧತಿಯನ್ನು ಗೌರವಿಸಿ ದೊರಕಿಸಿದ ಪರಿಹಾರ' ಎಂದಿದೆ. ಭಾಷೆ ಚೆನ್ನಾಗಿದೆ. ನಿನ್ನದೇ ಇರಬೇಕು. ನಿನ್ನ ವಾಕ್ಯಗಳ ನಡಿಗೆ ನನಗೆ ಗೊತ್ತು, ನಿನಗೆ ಬರೆಯಲು ಕಲಿಸಿದವಳು ನಾನು.

ನೀನು ಸಮಯ ಕೇಳಿದ್ದೆ. ಆ ಸಮಯದಲ್ಲಿ ಯಂತ್ರಕ್ಕೆ ಮುಚ್ಚಳ ಬಂದಿಲ್ಲ. ಅಲ್ಲೀಗ ಸುಲಿಯಾ ನಿಂತಿದ್ದಾಳೆ, ಹೋದ ವರ್ಷದ ತನಕ ನನ್ನ ತರಗತಿಯಲ್ಲಿದ್ದ ಹುಡುಗಿ. ಅವಳಿಗೆ ಎಚ್ಚರಿಕೆ ಹೇಳು ಎಂದು ಫೇತುವಿಗೆ ಅಂದೆ. ಫೇತು ಆಗದೆಂದು ತಲೆಯಾಡಿಸಿದಳು. "ಮುಗೀತು ಅಂತ ಊರೆದುರು ಅಂದಿದ್ದೀನಿ ಅಕ್ಕ. ಅವರು ಮಾತಿಗೆ ತಪ್ಪಿದ್ರು ಅಂತ ನಾನೂ ತಪ್ಲಾ?"

ಲೆಯಾಸೊ ಮಾವ ಊರ ಹಿರಿಯರನ್ನು ಸೇರಿಸಿದ. ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ತೀರ್ಮಾನ ಹೀಗಾಯಿತು: ಕೂತವಳು ಕಂಪನಿಯ ಪರವಾಗಿ ಕೂತಳೇ, ಇಲ್ಲ ಕಂಪನಿಯವರು ಕೂರಲು ಒಪ್ಪದೇ ಇದ್ದುದರಿಂದ ಮನೆಮಗಳಾಗಿ ಕೂತಳೇ ಎಂಬುದನ್ನು ಅವಳೇ ಹೇಳಬೇಕು. ಮನೆಯವರು ಮನೆಯವರಿಗೆ ಇಫೊಂಗಾ ಮಾಡುವ ಪದ್ಧತಿಯಿಲ್ಲ. ಮನೆಮಗಳಾಗಿ ಕೂತಿದ್ದರೆ ಅದು ಇಫೊಂಗಾವೇ ಅಲ್ಲ, ಫೇತುವಿನ ಬಾಯಿಗೆ ಕಟ್ಟಿಲ್ಲ. ಕಾರ್ಮಿಕ ಇಲಾಖೆಯವರನ್ನೂ ಕೇಳಿದೆ. ಸಾಹೇಬರು ಕೂರಲಿಲ್ಲವೆಂದು ನೀನು ಬರೆದುಕೊಟ್ಟರೆ ಮತ್ತೆ ವಿಚಾರಣೆ ನಡೆಸುತ್ತೇವೆ ಎಂದರು.

ನೀನು ನನಗೆ ಬರೆದದ್ದನ್ನೇ ತೋರಿಸಬಹುದಿತ್ತು. ತೋರಿಸುವುದಿಲ್ಲ. ಅಕ್ಕಾ ಎಂದು ಕರೆದು ಬರೆದ ಕಾಗದ ಅದು. ನೀನೇ ಹೇಳಬೇಕು. ನಾಲ್ಕು ಸಾಲು ಸಾಕು.

ಕೆಲಸ ಹೋಗಬಹುದು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಪಲೆಪಾ


ಬ್ರಿಸ್ಬೇನ್
30 ಏಪ್ರಿಲ್ 2019

ಮಾನ್ಯ ಪಲೆಪಾ ಅವರಿಗೆ,

ತಮ್ಮ ಏಪ್ರಿಲ್ 5ರ ಪತ್ರ ತಲುಪಿದೆ. ತಾವು ವ್ಯಕ್ತಪಡಿಸಿರುವ ಕಳವಳವನ್ನು ಕಂಪನಿಯು ಗಂಭೀರವಾಗಿ ಪರಿಗಣಿಸುತ್ತದೆ. ಸದರಿ ಪ್ರಕರಣವು ಸಂಬಂಧಪಟ್ಟ ಕುಟುಂಬದ ಒಪ್ಪಿಗೆಯೊಂದಿಗೆ ಇತ್ಯರ್ಥವಾಗಿರುವುದರಿಂದ ಈ ಹಂತದಲ್ಲಿ ಹೆಚ್ಚಿನ ಹೇಳಿಕೆ ನೀಡಲು ಸಾಧ್ಯವಾಗುವುದಿಲ್ಲ. ಯಂತ್ರ ಸುರಕ್ಷತೆಯ ಬಗೆಗಿನ ತಮ್ಮ ಮಾಹಿತಿಯನ್ನು ಸೂಕ್ತ ವಿಭಾಗಕ್ಕೆ ರವಾನಿಸಲಾಗಿದೆ.

ವಿಶ್ವಾಸಪೂರ್ವಕವಾಗಿ,
ಮೊಯೆಲಾಂಗಿ ಸೌಫೊಯಿ
ಮುಖ್ಯಸ್ಥೆ, ಮಾನವ ಹಕ್ಕುಗಳ ವಿಭಾಗ


ವಾಯಿತುಲೆ
25 ಆಗಸ್ಟ್ 2019

ಗೌರವಾನ್ವಿತ ಮೊಯೆಲಾಂಗಿ ಅವರಿಗೆ,

ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಎಡಗೈಯಲ್ಲಿ ಬರೆಯುವುದನ್ನು ಪಲೆಪಾಳ ಚಿಕ್ಕ ಮಕ್ಕಳ ಜೊತೆ ಕೂತು ಕಲಿತೆ. ನನಗಿಂತ ಚೆನ್ನಾಗಿ ಬರೆಯುವವರು ಇಬ್ಬರಿದ್ದಾರೆ. ಇಬ್ಬರೂ ನನ್ನ ಮೊಣಕಾಲಿನಷ್ಟು ಎತ್ತರ, ಇಬ್ಬರಿಗೂ ಭಾರೀ ಜಂಬ.

ಈ ಸಲ ಊರಿಗೆ ಬಂದು ಹೋದ ಮೇಲೆ ನೀವು ಪಲೆಪಾಗೆ ಬರೆದ ಕಾಗದವನ್ನು ಅವಳು ನನ್ನ ಕೈಗೆ ಕೊಟ್ಟಳು. ಅವಳು ಉತ್ತರ ಬರೆಯುವುದಿಲ್ಲವಂತೆ. ನಾನು ಬರೆಯುತ್ತಿದ್ದೇನೆ.

ನಮ್ಮ ಅಣ್ಣನಿಗೆ ಊರ ಹಿರಿಯನ ಪಟ್ಟ ಕಟ್ಟಿದ ದಿನ ನೀವು ಅಷ್ಟು ದೂರದಿಂದ ಬಂದದ್ದು ನಮಗೆ ದೊಡ್ಡ ಮರ್ಯಾದೆ. ಹಿಂದಿನ ಬೆಂಕಿಮನೆಗೆ ಬಂದು ಬಟ್ಟೆ ಎತ್ತಿ ಕಟ್ಟಿ ತೆಂಗಿನಹಾಲು ಹಿಂಡಲು ಕೂತಿರಿ. ಆಗ ತಾಸಿ ದೊಡ್ಡಮ್ಮ, "ಅಯ್ಯೋ, ಇಲ್ಲೆಲ್ಲ ಹೊಗೆ ತಾಯಿ. ನಿಮ್ಮ ಬಟ್ಟೆ ಹಾಳಾಗುತ್ತೆ, ಒಳಗೆ ದಯಮಾಡಿಸಿ" ಎಂದು ಎಬ್ಬಿಸಿದ್ದು ನಿಮಗೆ ನೋವಾಯಿತೆಂದು ಬರೆದಿದ್ದೀರಿ. ದೊಡ್ಡಮ್ಮ ಮರ್ಯಾದೆಯ ಮಾತನ್ನೇ ಆಡಿದ್ದು. ಅತಿಥಿಗಳ ಸಾಲಿನಲ್ಲಿ ಪಾದ್ರಿಗಳ ಪಕ್ಕ ನಿಮ್ಮನ್ನು ಕೂರಿಸಿದೆವು. ಹಂದಿಯ ಬೆನ್ನಿನ ಭಾಗ ನಿಮಗೆ ಮೊದಲು ಬಂತು. ಪಕ್ಕದೂರಿನವರಿಗಿಂತ ಮೊದಲು. ಅಂಥ ದಿನ ಮನೆಯವರು ಹೇಗೆ ತಿನ್ನುತ್ತಾರೆ ಎಂಬುದು ನಿಮಗೆ ಗೊತ್ತಿರುವುದೇ. ಎಲ್ಲರದೂ ಆದ ಮೇಲೆ, ಕಲ್ಲುಗಳ ಮೇಲೆ ಕೂತು, ಉಳಿದದ್ದನ್ನು ಒಂದೇ ಎಲೆಯಲ್ಲಿ ಕಿತ್ತಾಡಿಕೊಂಡು. ನಮ್ಮ ನಗು ಕೇಳಿ ನೀವು ಎರಡು ಸಲ ಹಿಂದಕ್ಕೆ ತಿರುಗಿ ನೋಡಿದಿರಿ. ನಾನು ನೋಡಿದೆ.

"ಯಾಕೆ ನನ್ನನ್ನು ಹೊರಗಿನವಳಾಗಿ ಮಾಡಿದಿರಿ?" ಎಂದು ಕೇಳಿದ್ದೀರಿ. ಇದಕ್ಕೆ ಉತ್ತರ ಹೇಳಬೇಕಾದರೆ ನಾನು ಎತ್ತಬಾರದ ವಿಷಯವನ್ನು ಎತ್ತಬೇಕಾಗುತ್ತದೆ. ಎತ್ತುವುದಿಲ್ಲ.

ನನ್ನ ಸುದ್ದಿ ಹೇಳುತ್ತೇನೆ. ನಾನೀಗ ವ್ಯಾಪಾರಸ್ಥೆ. ಕಾರ್ಖಾನೆಯ ಗೇಟಿನ ಹತ್ತಿರ, ರಸ್ತೆಯ ಈಚೆ ಬದಿಗೆ, ಬಾಣಲೆ ಇಟ್ಟಿದ್ದೇನೆ. ಬಾಳೆಹಣ್ಣು ಹಾಕಿದ ಪಾನಿಕೇಕೆ ಕರಿಯುತ್ತೇನೆ. ಹಿಟ್ಟು ಕಲಸುವುದು, ಉಂಡೆ ಬಿಡುವುದು, ತೆಗೆಯುವುದು ಎಲ್ಲ ಒಂದೇ ಕೈ. ಬೆಳಗಿನ ಪಾಳಿಯ ಹುಡುಗಿಯರೆಲ್ಲ ನನ್ನೆದುರೇ ಹಾದು ಒಳಗೆ ಹೋಗಬೇಕು. ಬೆಂಕಿಯ ಮುಂದೆ ಸೆಕೆಯಲ್ಲವೇ, ಅಂಗಿಯ ತೋಳು ಎರಡೂ ಮೇಲಕ್ಕೆ ಮಡಚಿಕೊಂಡಿರುತ್ತೇನೆ.

ನಾನೇನೂ ಹೇಳುವುದಿಲ್ಲ. ಒಂದು ದಿನ ಸುಲಿಯಾ ಬಂದು ಮುಂದೆ ನಿಂತಳು. ನನ್ನ ತೋಳು ನೋಡಿದಳು. ತನ್ನ ಕೈ ನೋಡಿಕೊಂಡಳು. "ಅಕ್ಕಾ, ನೋವಾಯ್ತಾ?" ಎಂದಳು. "ಬಿಸಿ ಇದೆ, ಊದ್ಕೊಂಡು ತಿನ್ನು" ಎಂದು ಪಾನಿಕೇಕೆ ಕೊಟ್ಟೆ. ಅವಳು ತಿನ್ನಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದಳು. ಆಮೇಲೆ ಏನಾಯಿತೆಂದು ನನಗೆ ಗೊತ್ತಿಲ್ಲ. ಮುಚ್ಚಳವಿಲ್ಲದೆ ಯಂತ್ರ ಮುಟ್ಟುವುದಿಲ್ಲವೆಂದು ಹುಡುಗಿಯರು ಕೈಕಟ್ಟಿ ನಿಂತರೆಂದು ಜನ ಆಡಿಕೊಳ್ಳುತ್ತಾರೆ. ಕೆಲವರನ್ನು ಮನೆಗೆ ಕಳಿಸಿದರಂತೆ, ಮತ್ತೆ ಕರೆದರಂತೆ. ಆಡಿಕೊಳ್ಳುವವರ ಬಾಯಿ ನನ್ನದಲ್ಲ.

ಹೋದ ವಾರ ಗ್ರಾಂಟ್ ಸಾಹೇಬರು ಗುಮಾಸ್ತನನ್ನು ಕಳಿಸಿದ್ದರು. ಆವತ್ತು ಫೋಟೋ ಹೊಡೆದನಲ್ಲ, ಅವನೇ. "ತೋಳು ಸ್ವಲ್ಪ ಇಳಿಸ್ಕೋ ಫೇತು, ಸಾಹೇಬ್ರಿಗೆ ಮುಜುಗರ ಆಗ್ತಿದೆ" ಎಂದ.

"ಸೆಕೆ ಕಣಪ್ಪ" ಎಂದೆ.

"ಅವರದೇ ಖರ್ಚಲ್ಲಿ ಒಳ್ಳೆ ನೆರಳಿನ ಜಾಗ ಮಾಡಿಕೊಡ್ತಾರಂತೆ. ಮಾರ್ಕೆಟ್ ಹತ್ರ."

"ಇಲ್ಲೇ ಗಾಳಿ ಚೆನ್ನಾಗಿದೆ" ಎಂದೆ. ಅವನಿಗೂ ಒಂದು ಪಾನಿಕೇಕೆ ಕೊಟ್ಟೆ, ಪಾಪ. ಅವನು ಕಾಸು ಕೊಡಲು ಬಂದ, ನಾನು ತೆಗೆದುಕೊಳ್ಳಲಿಲ್ಲ.

ಮುಂದಿನ ತಿಂಗಳು ಕಾರ್ಖಾನೆಯ ಪರಿಶೀಲನೆಗೆ ನಿಮ್ಮ ವಿಭಾಗದವರು ಬರುತ್ತಾರಂತೆ, ನೀವೂ ಜೊತೆಗಿರುತ್ತೀರಂತೆ. ಗೇಟಿನ ಹತ್ತಿರ ಡ್ರೈವರಿಗೆ ಹೇಳಿ ಕಾರು ನಿಧಾನ ಮಾಡಿಸಿ. ಗಾಜು ಇಳಿಸಿ. ಹುಡುಗಿಯರು ಎಷ್ಟು ಜನ ಕಾದು ನಿಂತಿದ್ದರೂ ಪರವಾಗಿಲ್ಲ, ನಿಮಗೆ ಮೊದಲು ಕೊಡುತ್ತೇನೆ.

ಇತಿ,
ಫೇತು